ನನ್ನ ಹೆಸರಿದ್ದ ಫೈಲು

ಅಕ್ಕ ಎಂದು ನಾನು ಕರೆಯುತ್ತಿದ್ದವಳು ನನಗೆ ಒಡಹುಟ್ಟಿದವಳಲ್ಲ. ಚಿಂತಾಮಣಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವಳು ಅಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಿದ್ದಳು. ನನ್ನ ಕೈಯಲ್ಲಿ ಡಿಗ್ರಿ ಇತ್ತು, ತಲೆಯಲ್ಲಿ ಪರೀಕ್ಷೆಗೆ ಓದಿದ್ದು ಇತ್ತು, ಆದರೆ ಕೆಲಸಕ್ಕೆ ಬರುವಂಥ ಒಂದು ಪ್ರೋಗ್ರಾಮನ್ನೂ ನಾನಾಗಿ ಕೂತು ಬರೆದವಳಲ್ಲ. ಮೊದಲ ದಿನವೇ ಅದು ಅವಳಿಗೆ ಗೊತ್ತಾಯಿತು. ಯಾರ ಎದುರಿಗೂ ಆಡಿ ತೋರಿಸಲಿಲ್ಲ. ಸಂಜೆ ತರಗತಿ ಮುಗಿದ ಮೇಲೆ ಶಿಡ್ಲಘಟ್ಟದ ಕಡೆಯ ನನ್ನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇರುತ್ತಿತ್ತು. ಆ ಮುಕ್ಕಾಲು ಗಂಟೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೀಬೋರ್ಡನ್ನು ನನ್ನ ಕಡೆ ತಳ್ಳಿ, ತಾನು ಕೈಕಟ್ಟಿ ಕೂರುತ್ತಿದ್ದಳು. ನಾನು ತಪ್ಪು ಮಾಡುವವರೆಗೆ ಕಾಯುತ್ತಿದ್ದಳು, ತಪ್ಪು ನನ್ನ ಕಣ್ಣಿಗೇ ಬೀಳುವವರೆಗೂ ಕಾಯುತ್ತಿದ್ದಳು. ಹಾಗೆ ಎರಡು ವರ್ಷ ನಡೆಯಿತು. 'ನೀವು' ಎನ್ನುತ್ತಿದ್ದವಳು ಯಾವಾಗ 'ನೀನು' ಎನ್ನಲು ಶುರುಮಾಡಿದೆನೋ ನನಗೇ ನೆನಪಿಲ್ಲ.

ಮಗಳು ಹುಟ್ಟಿದಾಗ ಕೇಂದ್ರದ ಮಾಲೀಕರು ನನ್ನ ಜಾಗಕ್ಕೆ ಬೇರೆಯವರನ್ನು ಹುಡುಕುತ್ತಿದ್ದರು. ಅಕ್ಕ ನನ್ನ ತರಗತಿಗಳನ್ನೂ ತಾನೇ ತೆಗೆದುಕೊಂಡು, ಐದು ತಿಂಗಳು ಆ ಜಾಗವನ್ನು ನನಗಾಗಿ ಉಳಿಸಿದಳು. ನಾನು ವಾಪಸು ಹೋದ ದಿನ, ಇಬ್ಬರ ಪಾಠವನ್ನೂ ಮಾಡಿ ಮಾಡಿ ಅವಳ ಗಂಟಲು ಕಟ್ಟಿಹೋಗಿ ಮಾತೇ ಹೊರಡುತ್ತಿರಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಮುಂದಿನದನ್ನು ಕೇಳಿದವರೆಲ್ಲ, ಅವಳನ್ನು ಅಷ್ಟು ಹೇಗೆ ನಂಬಿದೆ ಎಂದು ಕೇಳುತ್ತಾರೆ. ನಂಬದೆ ಇರುವುದಕ್ಕೆ ನನಗೆ ಯಾವ ಕಾರಣವೂ ಇರಲಿಲ್ಲ.

ಆಮೇಲೆ ಅವಳ ಗಂಡನಿಗೆ ಗೌರಿಬಿದನೂರಿಗೆ ವರ್ಗವಾಗಿ ಅಕ್ಕ ಅಲ್ಲಿಗೆ ಹೋದಳು. ಮನೆಯಲ್ಲೇ ಕೂತು ರೈತ ಸಂಘಗಳಿಗೆ, ಹಾಲಿನ ಡೈರಿಗಳಿಗೆ ವೆಬ್‌ಸೈಟ್ ಮಾಡಿಕೊಡಲು ಶುರುಮಾಡಿದಳು. ಎಲ್ಲರಿಗೂ ಬೇಕಾಗುವುದು ಹೆಚ್ಚುಕಡಿಮೆ ಒಂದೇ: ಸಭೆಯ ದಿನ, ಮಳೆಯ ಮಾಹಿತಿ, ಸದಸ್ಯರ ಪಟ್ಟಿ. ಪ್ರತಿ ಸೈಟಿಗೂ ಅದನ್ನೇ ಮತ್ತೆ ಮತ್ತೆ ಬರೆಯುವ ಬದಲು ಎಲ್ಲವನ್ನೂ ಒಂದು ಪ್ಲಗಿನ್‌ನಲ್ಲಿ ಹಾಕಿದಳು. ಪ್ಲಗಿನ್ ಎಂದರೆ ವೆಬ್‌ಸೈಟಿಗೆ ಹೊರಗಿನಿಂದ ಸಿಕ್ಕಿಸುವ ಒಂದು ಗಂಟು ಫೈಲುಗಳು. ಸಿಕ್ಕಿಸಿದರೆ ಸೈಟಿಗೆ ಹೊಸ ಕೆಲಸ ಬರುತ್ತದೆ, ಕಿತ್ತರೆ ಹೋಗುತ್ತದೆ. ಚಿಕ್ಕಬಳ್ಳಾಪುರ, ಮಂಡಿಕಲ್, ಚಿಂತಾಮಣಿ ಕಡೆಯ ಹಲವು ಸಂಘಗಳು ಅದನ್ನು ಹಾಕಿಕೊಂಡವು. ನಮ್ಮೂರಿನ ರೇಷ್ಮೆ ಬೆಳೆಗಾರರ ಸಂಘದ ಸೈಟನ್ನು ನೋಡಿಕೊಳ್ಳುವವಳು ನಾನೇ ಆದ್ದರಿಂದ ನಾನೂ ಹಾಕಿದೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿಂದೆ ಹುಳುಮನೆ, ಅದರಾಚೆ ನಮ್ಮ ಹಿಪ್ಪುನೇರಳೆ ತೋಟ. ಹುಳುವಿನ ಕೆಲಸವೆಲ್ಲ ಅತ್ತೆಯದು. ಅವರ ಕೈಕೆಳಗೆ ನಾವು. ತೋಟದ ಪೂರ್ವದ ಬದುವಿನಾಚೆ ಒಬ್ಬರ ದ್ರಾಕ್ಷಿ ತೋಟ ಇದೆ. ಅವರನ್ನು ನಾನು ಮಾವ ಎಂದೇ ಕರೆಯುವುದು. ಅವರ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ. ಬದುವಿನ ಮೇಲೆ ನಿಂತರೆ ಎರಡೂ ಸೇರಿಕೊಂಡು ಮಾತು ಸಾಗುತ್ತದೆ.

ಒಂದು ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಹೊಟ್ಟೆಬಾಕನ ಹಾಗೆ ಸೊಪ್ಪು ತಿನ್ನುವ ಹೊತ್ತು. ಬೆಳಿಗ್ಗೆ ಸೊಪ್ಪು ಹಾಕಿ ಬಂದೆವು. ಮಧ್ಯಾಹ್ನ ಅತ್ತೆ ಹುಳುಮನೆಗೆ ಹೋದವರು ಹೊರಗೆ ಬರಲೇ ಇಲ್ಲ. ಹೋಗಿ ನೋಡಿದರೆ ತಟ್ಟೆಗಳ ಮುಂದೆ ಸುಮ್ಮನೆ ನಿಂತಿದ್ದರು. ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ಕುಗ್ಗಿ ಬಿದ್ದಿದ್ದವು. ಹಿಂದಿನ ದಿನ ದ್ರಾಕ್ಷಿಗೆ ಔಷಧಿ ಹೊಡೆದಿದ್ದರು, ಗಾಳಿ ನಮ್ಮ ಕಡೆ ಇತ್ತು, ಸೊಪ್ಪಿನ ಮೇಲೆ ಕೂತಿತ್ತು.

ವಿಷಯ ಕೇಳಿ ಮಾವ ತಾವಾಗಿಯೇ ಬಂದರು. ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡರು. ನಮ್ಮ ಸೊಪ್ಪು ಅವತ್ತು ಆ ಮೂಲೆಯಿಂದ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅತ್ತೆ ಅವರ ಮೇಲೆ ರೇಗಲಿಲ್ಲ.

"ಹಿಂದಿನ ದಿನ ಒಂದು ಮಾತು ಹೇಳಿ ಕಳಿಸಿದ್ರೆ ಮುಂಚೇನೇ ಸೊಪ್ಪು ಕುಯ್ಕೊಂಡು ಇಟ್ಕೋತಿದ್ವಿ" ಎಂದರು, ಅಷ್ಟೇ.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಔಷಧಿ ಹೊಡೆಯುವವರು ಹಿಂದಿನ ದಿನವೇ ಒಂದು ಮಾತು ಹೇಳಬೇಕು, ಸುತ್ತಲಿನ ಹುಳುಮನೆಯವರಿಗೆ ಅದು ಮುಟ್ಟಬೇಕು. ಸಂಘದ ಸೈಟನ್ನು ಜನ ಮೊಬೈಲಿನಲ್ಲಿ ಹೇಗೂ ನೋಡುತ್ತಿದ್ದರು. ಅದರ ಪಕ್ಕದಲ್ಲಿ ಒಂದು ಸಣ್ಣ ಪೆಟ್ಟಿಗೆ: ನಾಳೆ ಯಾವ ಊರಿನ ಯಾವ ಕಡೆ ಔಷಧಿ. ಇಂಥ ಪೆಟ್ಟಿಗೆಗೆ ವಿಜೆಟ್ ಎನ್ನುತ್ತಾರೆ. ಸಿದ್ಧವಾಗಿ ಸಿಗುವ ವಿಜೆಟ್‌ಗಳಲ್ಲಿ ಕ್ಯಾಲೆಂಡರ್ ಇತ್ತು, ಹುಡುಕುವ ಪೆಟ್ಟಿಗೆ ಇತ್ತು, ಚಿತ್ರಗಳ ಸಾಲು ಇತ್ತು. ನನಗೆ ಬೇಕಾದದ್ದನ್ನು ನಾನೇ ಬರೆಯಬೇಕಿತ್ತು.

ಬರೆದೆ. ಸೈಟಿನ ತಂತ್ರಾಂಶದಲ್ಲಿ ಎಲ್ಲ ವಿಜೆಟ್‌ಗಳಿಗೂ ತಾಯಿಯಂತಿರುವ ಒಂದು ಕ್ಲಾಸ್, ಅಂದರೆ ಕೋಡಿನ ಒಂದು ಅಚ್ಚು ಇದೆ. ಅದರಿಂದ ಹುಟ್ಟಿದ್ದು ಎಂದು ಮೊದಲು ಹೇಳಿ, ನಮ್ಮ ಕ್ಲಾಸಿಗೆ ಒಂದು ಹೆಸರು ಕೊಡಬೇಕು. ಅದರೊಳಗೆ ಪೆಟ್ಟಿಗೆ ತೆರೆಯಲ್ಲಿ ಹೇಗೆ ಕಾಣಬೇಕು ಎಂಬ ಒಂದು ಭಾಗ, ಸೈಟು ನೋಡಿಕೊಳ್ಳುವವರು ತುಂಬುವ ಫಾರಂ ಒಂದು ಭಾಗ, ತುಂಬಿದ್ದನ್ನು ಉಳಿಸುವುದು ಒಂದು ಭಾಗ. ಇವುಗಳ ಜೊತೆಗೆ ನಾನು ಇನ್ನೊಂದು ಭಾಗ ಸೇರಿಸಿದೆ: ರೈತರೇ ಊರು, ತೋಟದ ದಿಕ್ಕು, ದಿನ, ಫೋನ್ ನಂಬರ್ ಹಾಕಿ ಸೂಚನೆ ಕೊಡುವ ಜಾಗ. ಯಾರೋ ತಮಾಷೆಗೆ ಸುಳ್ಳು ಸೂಚನೆ ಹಾಕಿದರೆ ಫೋನ್ ಮಾಡಿ ಕೇಳಬೇಕಲ್ಲ, ಅದಕ್ಕೆ ನಂಬರು. ತೆರೆಯ ಮೇಲೆ ಊರು, ದಿಕ್ಕು, ದಿನ ಮಾತ್ರ ಕಾಣುತ್ತಿತ್ತು. ಫೈಲಿನ ತಲೆಯಲ್ಲಿ, ರೂಢಿಯಂತೆ, ಬರೆದವರು ಯಾರು ಎಂಬ ಕಡೆ ನನ್ನ ಹೆಸರು ಹಾಕಿದೆ.

ಅಕ್ಕನಿಗೆ ಹೇಳಿದಾಗ ಅವಳು ಬಹಳ ಸಂತೋಷಪಟ್ಟಳು. ನಿನ್ನ ಕ್ಲಾಸನ್ನು ನನ್ನ ಪ್ಲಗಿನ್ ಒಳಗೇ ಸೇರಿಸೋಣ, ಅದನ್ನು ಹಾಕಿಕೊಂಡ ಎಲ್ಲ ಸಂಘಗಳಿಗೂ ಆಗುತ್ತದೆ ಎಂದಳು. ಸೇರಿಸಲು ಹೋಗಿ ನಾನು ಮೊದಲ ಸಲ ಎಡವಿದೆ. ಪ್ಲಗಿನ್‌ನ ಮುಖ್ಯ ಫೈಲಿನಲ್ಲಿ ನನ್ನ ವಿಜೆಟಿನ ಹೆಸರನ್ನು ನೋಂದಾಯಿಸಿದೆ. ಆದರೆ ನನ್ನ ಫೈಲನ್ನು ಒಳಗೆ ಕರೆಸುವ ಸಾಲನ್ನು ಅದರ ಕೆಳಗೆ ಬರೆದಿದ್ದೆ. ಪ್ರಯೋಗಕ್ಕೆ ಇಟ್ಟಿದ್ದ ಸೈಟು ಪೂರ್ತಿ ಬಿಳಿಯಾಯಿತು. ಅಂಥ ಹೆಸರಿನ ಕ್ಲಾಸೇ ಇಲ್ಲ ಎಂಬ ಒಂದು ಸಾಲು ಬಿಟ್ಟರೆ ತೆರೆಯ ಮೇಲೆ ಏನೂ ಇಲ್ಲ. ಫೋನ್ ಮಾಡಿದೆ. ಅವಳು ನಕ್ಕಳು.

"ಇನ್ನೂ ಮನೆಗೇ ಬರದೆ ಇರೋರನ್ನ ಎಲೆ ಹಾಕಿ ಊಟಕ್ಕೆ ಕರೀತಿದ್ದೀಯಲ್ಲೇ. ಮೊದಲು ಫೈಲ್ ಒಳಗೆ ತಗೋ. ಆಮೇಲೆ ಹೆಸರು ಬರೆಸು. ಎರಡನ್ನೂ ಸೈಟು ವಿಜೆಟ್‌ಗಳನ್ನ ಕೂಗೋ ಹೊತ್ತಲ್ಲೇ ಮಾಡು, ಅದಕ್ಕೆ ಮುಂಚೆ ಬೇಡ" ಎಂದಳು.

ಎರಡು ಸಾಲು ಮೇಲೆ ಕೆಳಗೆ ಮಾಡಿದೆ. ಪೆಟ್ಟಿಗೆ ತೆರೆಯ ಬಲಗಡೆ ಬಂದು ಕೂತಿತು. ಅತ್ತೆಯನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಅಕ್ಷರಗಳನ್ನು ಒಂದೊಂದಾಗಿ ಓದಿ, ಇದರಲ್ಲಿ ದ್ರಾಕ್ಷಿ ತೋಟದೋರು ಹೇಳಬೇಕಲ್ಲ, ಅವರು ಹೇಳ್ತಾರಾ ಎಂದು ಕೇಳಿದರು.

ಅದು ಸರಿಯಾದ ಪ್ರಶ್ನೆ. ಕೋಡ್ ಬರೆಯಲು ನನಗೆ ಮೂರು ವಾರ ಹಿಡಿದಿತ್ತು. ಜನರನ್ನು ಒಪ್ಪಿಸಲು ಮೂರು ತಿಂಗಳು ಹಿಡಿಯಿತು. ಭಾನುವಾರಗಳಲ್ಲಿ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದ್ರಾಕ್ಷಿ, ಟೊಮೆಟೊ, ಸೇವಂತಿಗೆ ಬೆಳೆಯುವವರ ಮನೆಗಳಿಗೆ ಹೋದೆ. ಅತ್ತೆಗೆ ಎಲ್ಲರ ಪರಿಚಯ. ನಾನು ಮೊಬೈಲ್ ತೆಗೆದು ತೋರಿಸುತ್ತಿದ್ದೆ, ಅವರು ಸತ್ತ ಹುಳುವಿನ ಕಥೆ ಹೇಳುತ್ತಿದ್ದರು. ಎಲ್ಲರೂ ಕೇಳುತ್ತಿದ್ದದ್ದು ಒಂದೇ: ನಮ್ಮ ನಂಬರ್ ಯಾಕೆ. ನಂಬರ್ ನನ್ನ ಹತ್ತಿರ ಮಾತ್ರ ಇರುತ್ತದೆ, ಬೇರೆ ಯಾರಿಗೂ ಕಾಣುವುದಿಲ್ಲ ಎಂದು ನಾನು ಪ್ರತಿ ಮನೆಯಲ್ಲೂ ಹೇಳಿದೆ. ಬದುವಿನಾಚೆಯ ಮಾವ ಎಲ್ಲರಿಗಿಂತ ಕಡೆಗೆ ಒಪ್ಪಿದರು. ಅವರಿಗೆ ಫೋನಿನಲ್ಲಿ ಬರೆಯುವುದು ಕಷ್ಟ. ನಾನೇ ಪಕ್ಕದಲ್ಲಿ ಕೂತು ಹೆಬ್ಬೆರಳನ್ನು ಎಲ್ಲೆಲ್ಲಿ ಒತ್ತಬೇಕು ಎಂದು ಕಲಿಸಿಕೊಟ್ಟೆ.

ಒಂದು ವರ್ಷ ಅದು ಚೆನ್ನಾಗಿ ನಡೆಯಿತು. ನಮ್ಮೂರಿನಲ್ಲಿ ಔಷಧಿಗೆ ಒಂದು ತಟ್ಟೆ ಹುಳುವೂ ಸಾಯಲಿಲ್ಲ. ಹಿಂದಿನ ಸಂಜೆ ಪೆಟ್ಟಿಗೆ ನೋಡಿ ಹೆಂಗಸರು ಆ ಕಡೆಯ ಸೊಪ್ಪನ್ನು ಕುಯ್ದು ತಂದು ಒದ್ದೆ ಗೋಣಿ ಮುಚ್ಚಿ ಇಟ್ಟುಕೊಳ್ಳುತ್ತಿದ್ದರು. ಚಿಕ್ಕಬಳ್ಳಾಪುರದ ಹತ್ತಿರದ ಒಂದು ಸಂಘದವರು ಫೋನ್ ಮಾಡಿ, ಈ ಪೆಟ್ಟಿಗೆ ಬರೆದದ್ದು ನೀವೇನಾ ಎಂದು ಕೇಳಿದ ದಿನ ನಾನು ತರಗತಿಯಲ್ಲಿ ಕಾರಣವಿಲ್ಲದೆ ನಗುತ್ತಿದ್ದೆನಂತೆ, ಮಕ್ಕಳು ಹೇಳಿದರು.

ಮುಂದಿನ ಬೇಸಿಗೆಯಲ್ಲಿ ಅಕ್ಕ ಪ್ಲಗಿನ್‌ನ ಹೊಸ ಆವೃತ್ತಿ ಬಿಟ್ಟಳು. ಸೈಟಿನಲ್ಲಿ 'ಅಪ್‌ಡೇಟ್ ಇದೆ' ಎಂದು ಬಂತು, ನಾನು ಒತ್ತಿದೆ. ಅವಳು ಕಳಿಸಿದ್ದನ್ನು ನಾನು ಯಾವತ್ತೂ ಬಿಚ್ಚಿ ನೋಡಿದವಳಲ್ಲ.

ಮೂರು ನಾಲ್ಕು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಿದ್ದಾಗ ಮಾವ ಬದುವಿನ ಮೇಲೆ ನಿಂತು ಕೈ ಮಾಡಿ ಕರೆದರು. ಹತ್ತಿರ ಹೋದೆ. ಅವರು ನನ್ನ ಮುಖ ನೋಡದೆ ಫೋನನ್ನು ನನ್ನ ಕೈಗೆ ಕೊಟ್ಟರು.

"ದಿನಾ ಫೋನ್ ಬರ್ತಾವಮ್ಮಾ. ಅಣ್ಣಾ ಗುರುವಾರ ಔಷಧಿ ಹೊಡೀತೀರಂತಲ್ಲ, ನಮ್ಮದು ತಗೊಳ್ಳಿ ಅಂತಾರೆ. ಗುರುವಾರ ಅಂತ ಅವರಿಗೆ ಯಾರು ಹೇಳಿದ್ರು? ನಾನು ನಿನ್ನ ಪೆಟ್ಟಿಗೆಗೆ ಬಿಟ್ಟರೆ ನನ್ನ ಹೆಂಡ್ತಿಗೂ ಹೇಳಿಲ್ಲ."

ಎಲ್ಲರಿಗೂ ಇಂಥ ಕರೆಗಳು ಬರುತ್ತವೆ ಮಾವ, ಕಂಪನಿಯವರು ಎಲ್ಲಿಂದಲೋ ನಂಬರ್ ತೆಗೆದುಕೊಳ್ಳುತ್ತಾರೆ ಎಂದೆ. ಅವರು "ಲೇದಮ್ಮಾ" ಎಂದು ತಲೆಯಾಡಿಸಿದರು. ಇಲ್ಲ ಎಂದು ಅಷ್ಟು ಮೆತ್ತಗೆ ಯಾರೂ ನನಗೆ ಹೇಳಿರಲಿಲ್ಲ. "ನಂಬರ್ ಸಿಗಬೋದು. ಈ ನಂಬರಿನೋನದು ಗುರುವಾರ ಅಂತ ಹೆಂಗೆ ಸಿಗ್ತದೆ?"

ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದೆ. ನನ್ನ ಕೋಡಿನಲ್ಲೇ ಎಲ್ಲೋ ಬಿರುಕು ಇದೆ, ನಂಬರ್‌ಗಳು ಹೊರಗೆ ಕಾಣುತ್ತಿವೆ ಎಂದುಕೊಂಡೆ. ಆವತ್ತು ಸಂಜೆ ಕೂತು ಸೈಟಿನ ಎಲ್ಲ ಪುಟಗಳನ್ನೂ ಹೊರಗಿನವರಂತೆ ತೆರೆದು ನೋಡಿದೆ. ಹೊರಗೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಒಂದು ಹೊಸ ಸಿಮ್ ತಂದೆ. ಆ ನಂಬರನ್ನು ಗಂಡನಿಗೂ ಕೊಡದೆ, ಪೆಟ್ಟಿಗೆಯಲ್ಲಿ ಮಾತ್ರ ಹಾಕಿ, ಯಾರ ತೋಟವೂ ಇಲ್ಲದ ಕೆರೆಯ ದಿಕ್ಕು ಬರೆದು, ಶನಿವಾರ ಔಷಧಿ ಎಂದು ಸೂಚನೆ ಕೊಟ್ಟೆ. ಮಾರನೇ ದಿನ ಹತ್ತು ಗಂಟೆಗೆ ತರಗತಿಯಲ್ಲಿದ್ದಾಗ ಆ ಫೋನು ಬಡಿದುಕೊಂಡಿತು. ಒಬ್ಬ ಹುಡುಗಿಯ ದನಿ, ಬಹಳ ವಿನಯದಿಂದ, ಶನಿವಾರಕ್ಕೆ ಬೇಕಾದ ಔಷಧಿ ಮನೆ ಬಾಗಿಲಿಗೆ ತಂದುಕೊಡುತ್ತೇವೆ ಎಂದಿತು.

ಮಧ್ಯಾಹ್ನ ಊಟಕ್ಕೆ ಹೋಗದೆ ಸಂಘದ ಸೈಟಿನೊಳಗೆ ಹೋಗಿ, ಅಪ್‌ಡೇಟ್ ಆದ ಮೇಲೆ ಮೊದಲ ಸಲ ಪ್ಲಗಿನ್‌ನ ಫೈಲುಗಳನ್ನು ತೆರೆದೆ. ಮುಖ್ಯ ಫೈಲಿನಲ್ಲಿ ಏನೂ ಬದಲಾಗಿರಲಿಲ್ಲ. ನನ್ನ ಕ್ಲಾಸನ್ನು ಒಳಗೆ ಕರೆಸುವ ಸಾಲು ಅಲ್ಲೇ ಇತ್ತು, ಅದರ ಕೆಳಗೆ ಹೆಸರು ನೋಂದಾಯಿಸುವ ಸಾಲು. ನನ್ನ ಫೈಲು ತೆರೆದೆ. ತಲೆಯಲ್ಲಿ ನನ್ನ ಹೆಸರು ಹಾಗೇ ಇತ್ತು. ಕೆಳಗೆ ಇಳಿಯುತ್ತ ಹೋದೆ. ರೈತರ ಸೂಚನೆಯನ್ನು ಉಳಿಸುವ ಭಾಗದಲ್ಲಿ, ನಾನು ಬರೆದ ಕೊನೆಯ ಸಾಲಿನ ನಂತರ, ನಾನು ಬರೆಯದ ಮೂರು ಸಾಲುಗಳಿದ್ದವು. ಊರು, ದಿಕ್ಕು, ದಿನ, ನಂಬರು, ನಾಲ್ಕನ್ನೂ ಕಟ್ಟಿ, ನನಗೆ ಗೊತ್ತಿಲ್ಲದ ಒಂದು ವಿಳಾಸಕ್ಕೆ ಕಳಿಸುವ ಸಾಲುಗಳು.

ಅಕ್ಕನ ಕೈ ನನಗೆ ಗೊತ್ತು. ಅವಳು ಆವರಣ ಚಿಹ್ನೆಯ ಮುಂದೆ ಹಿಂದೆ ಒಂದೊಂದು ಜಾಗ ಬಿಡುತ್ತಾಳೆ, ನಾನು ಬಿಡುವುದಿಲ್ಲ. ಆ ಮೂರು ಸಾಲುಗಳಲ್ಲಿ ಜಾಗ ಬಿಟ್ಟಿತ್ತು. ಬೇರೆ ಯಾರೋ ಸೈಟಿಗೆ ನುಗ್ಗಿ ಹಾಕಿರಬಹುದು ಎಂದು ಅದುವರೆಗೆ ಎಲ್ಲೋ ಒಂದು ಆಸೆ ಇತ್ತು. ಅದು ಹೋಯಿತು. ನನ್ನ ಹೆಸರನ್ನು ಅಳಿಸಿ ಅವಳ ಹೆಸರು ಹಾಕಿಕೊಂಡಿದ್ದರೆ ನನಗೆ ಬೇಜಾರಾಗುತ್ತಿತ್ತು, ಅಷ್ಟೇ. ಅಳಿಸಿರಲಿಲ್ಲ. ನಾಳೆ ಯಾರಾದರೂ ಆ ಫೈಲು ತೆರೆದು, ಇಷ್ಟು ಜನರ ನಂಬರನ್ನು ಹೊರಗೆ ಕಳಿಸಿದ್ದು ಯಾರು ಎಂದು ನೋಡಿದರೆ, ಅಲ್ಲಿ ಇರುವುದು ನನ್ನ ಹೆಸರು.

ಫೋನಿನಲ್ಲಿ ಕೇಳಲು ಮನಸ್ಸಾಗಲಿಲ್ಲ. ಭಾನುವಾರ ಚಿಕ್ಕಬಳ್ಳಾಪುರಕ್ಕೆ ಹೋದೆ. ಸ್ಕಂದಗಿರಿ ಬೆಟ್ಟ ಹತ್ತಿ ಇಳಿದ ಬೆಂಗಳೂರಿನ ಹುಡುಗರು ಮಣ್ಣು ಮೆತ್ತಿದ ಬೂಟಿನಲ್ಲಿ ಬಸ್ ನಿಲ್ದಾಣದ ತುಂಬ ಕೂತಿದ್ದರು; ಅವರ ಮಧ್ಯೆ ಜಾಗ ಮಾಡಿಕೊಂಡು ಗೌರಿಬಿದನೂರಿನ ಬಸ್ಸಿಗೆ ಕಾದೆ. ದಾರಿಯುದ್ದಕ್ಕೂ ಏನು ಕೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಅವಳು ಏನಾದರೂ ಒಂದು ವಿವರಣೆ ಕೊಟ್ಟು ನನ್ನನ್ನು ಸುಳ್ಳು ಮಾಡಲಿ ಎಂದೂ ಬೇಡಿಕೊಳ್ಳುತ್ತಿದ್ದೆ.

ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವಳ ಮನೆ. ಬಾಗಿಲು ತೆಗೆದವಳೇ ಅಪ್ಪಿಕೊಂಡಳು. ಮಗಳನ್ನು ಯಾಕೆ ಕರೆದುಕೊಂಡು ಬರಲಿಲ್ಲ ಎಂದು ಕೇಳಿದಳು. ಅಡುಗೆಮನೆಗೆ ಹೋಗಿ ಕಾಫಿ ತಂದಳು. ನಾನು ಲೋಟ ಕೆಳಗಿಟ್ಟು, ಫೋನಿನಲ್ಲಿ ತೆಗೆದುಕೊಂಡಿದ್ದ ಆ ಮೂರು ಸಾಲುಗಳ ಚಿತ್ರ ತೋರಿಸಿದೆ. ಅವಳು ನೋಡಿದಳು. ಮುಖ ಬದಲಾಗಲಿಲ್ಲ. ಸಿಕ್ಕಿಬಿದ್ದವರ ಗಾಬರಿಯೂ ಕಾಣಲಿಲ್ಲ. ಯಾವತ್ತೋ ಬರಬೇಕಿದ್ದ ಮಾತು ಇವತ್ತು ಬಂತು ಎನ್ನುವ ಹಾಗೆ ನಿಟ್ಟುಸಿರು ಬಿಟ್ಟಳು.

ಔಷಧಿ ಮಾರುವ ಒಂದು ಕಂಪನಿಯವರು ಪ್ಲಗಿನ್ ನೋಡಿ ಅವಳ ಹತ್ತಿರ ಬಂದಿದ್ದರಂತೆ. ಎಲ್ಲ ಸೈಟುಗಳನ್ನೂ ತಮ್ಮ ಸರ್ವರಿನಲ್ಲಿ ಇಟ್ಟು ನಡೆಸಿಕೊಡುತ್ತೇವೆ, ಬದಲಿಗೆ ಈ ಸೂಚನೆಗಳ ಒಂದು ಪ್ರತಿ ನಮಗೂ ಬರಲಿ ಎಂದರಂತೆ. ಇಷ್ಟು ಸಂಘಗಳ ಸೈಟನ್ನು ತಾನೊಬ್ಬಳೇ ಎತ್ತಿ ಹಿಡಿದು ಸೋತಿದ್ದೇನೆ ಎಂದಳು. ಅವಳು ಸೋತಿದ್ದು ನಿಜವಿರಬಹುದು. ಕಣ್ಣಿನ ಸುತ್ತ ಕಪ್ಪಾಗಿತ್ತು.

"ನನಗೆ ಒಂದು ಮಾತು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ರೆ ನೀನು ಬೇಡ ಅಂತಿದ್ದೆ ಕಣೇ. ಅದಕ್ಕೇ ಹೇಳಲಿಲ್ಲ."

ಇಷ್ಟು ನೇರವಾದ ಉತ್ತರ ಬರುತ್ತದೆ ಎಂದು ನಾನು ನೆನೆಸಿರಲಿಲ್ಲ. ಸುಳ್ಳು ಹೇಳಿದ್ದರೆ ಜಗಳವಾಡಲು ಏನಾದರೂ ಸಿಗುತ್ತಿತ್ತು. ಆಮೇಲೆ ನಾನು, ಪ್ರತಿ ಮನೆಯಲ್ಲೂ ಕೂತು ಮಾತು ಕೊಟ್ಟವಳು ನಾನು, ಅದು ನಾನು ಬರೆದ ಫೈಲು, ಅದರಲ್ಲಿ ನನ್ನ ಹೆಸರಿದೆ ಎಂದೆ.

"ಹೆಸರಿದೆಯಲ್ಲ, ತೆಗೆದಿಲ್ಲವಲ್ಲ ನಾನು" ಎಂದಳು ಅಕ್ಕ. "ಆದ್ರೆ ಪ್ಲಗಿನ್ ನನ್ನದು. ನಿನ್ನ ಕ್ಲಾಸನ್ನ ನಾನು ಒಳಗೆ ಸೇರಿಸ್ಕೊಂಡೆ. ಸೇರಿಸ್ಕೊಂಡ ಮೇಲೆ ಅದನ್ನ ಹೇಗೆ ನಡೆಸಬೇಕು ಅಂತ ನೋಡೋಳು ನಾನು ತಾನೆ. ಎರಡು ಫೋನ್ ಜಾಸ್ತಿ ಬಂದ್ರೆ ರೈತರಿಗೆ ಏನಾಗುತ್ತೆ ಹೇಳು."

"ಆ ಸಾಲುಗಳನ್ನ ತೆಗೀರಿ" ಎಂದೆ. 'ತೆಗೀರಿ' ಎಂದದ್ದು ನನ್ನ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ಅವಳಿಗೂ ಕೇಳಿಸಿತು. ಅವಳು ಒಂದು ಕ್ಷಣ ನನ್ನನ್ನು ನೋಡಿ, ಈ ಬೆಳೆ ಮುಗಿಯಲಿ, ಅವರ ಜೊತೆ ಮಾತಾಡಿ ತೆಗೆಯುತ್ತೇನೆ ಎಂದಳು. ಬಾಗಿಲವರೆಗೆ ಬಂದು ಒಂದು ಕವರಿನಲ್ಲಿ ನನ್ನ ಮಗಳಿಗೆಂದು ಕಡಲೆಬೀಜದ ಉಂಡೆ ಕೊಟ್ಟಳು. ನಾನು ಬೇಡ ಎನ್ನಲಿಲ್ಲ. ಯಾಕೆ ಎನ್ನಲಿಲ್ಲ ಎಂದು ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಇನ್ನೊಂದು ಸಿಟ್ಟು ಅದಕ್ಕಿಂತ ದೊಡ್ಡದು. ಆವತ್ತೇ ಮನೆಗೆ ಬಂದು ನಮ್ಮ ಸಂಘದ ಸೈಟಿನಿಂದ ಆ ಪ್ಲಗಿನ್ನನ್ನು ನಾನು ಕಿತ್ತುಹಾಕಬಹುದಿತ್ತು. ಹಾಕಲಿಲ್ಲ. ಕಿತ್ತರೆ ಪೆಟ್ಟಿಗೆ ಹೋಗುತ್ತದೆ, ಪೆಟ್ಟಿಗೆ ಯಾಕೆ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ, ಆಗ ಎಲ್ಲವನ್ನೂ ಹೇಳಬೇಕಾಗುತ್ತದೆ. ಅಕ್ಕ ತೆಗೆಯುತ್ತೇನೆ ಎಂದಿದ್ದಾಳಲ್ಲ, ಎರಡು ವಾರ ನೋಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೆಲ್ಲ ಆದ ಮೇಲೂ ನಾನು ಅವಳನ್ನು ಇನ್ನೊಂದು ಸಲ ನಂಬಿದ್ದೆ ಎಂದೇ ಅದರ ಅರ್ಥ.

ಆ ಎರಡು ವಾರದಲ್ಲಿ ಆದದ್ದು ಇದು. ಕರೆಗಳಿಂದ ಬೇಸತ್ತ ರೈತರು ಒಬ್ಬೊಬ್ಬರಾಗಿ ಸೂಚನೆ ಹಾಕುವುದನ್ನು ಬಿಟ್ಟಿದ್ದರು. ಯಾರೂ ಬಂದು ನನಗೆ ಹೇಳಲಿಲ್ಲ. ಪೆಟ್ಟಿಗೆ ಮಾತ್ರ ಎಂದಿನಂತೆ ತೆರೆಯ ಬಲಗಡೆ ಇತ್ತು. ಅದರೊಳಗೆ 'ನಾಳೆ ಯಾವ ಸೂಚನೆಯೂ ಇಲ್ಲ' ಎಂಬ ಸಾಲು. ಆ ಸಾಲನ್ನು ಬರೆದಿದ್ದವಳು ನಾನೇ.

ಪಕ್ಕದ ಊರಿನ ಒಬ್ಬ ಹೆಂಗಸು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾನೆ, ಹುಳುವಿನ ಕೆಲಸವನ್ನು ಅವಳೊಬ್ಬಳೇ ಮಾಡುತ್ತಾಳೆ. ಕೂರು ಎಂದರೂ ಕೂರಲಿಲ್ಲ.

"ಪೆಟ್ಟಿಗೆಯಲ್ಲಿ ಏನೂ ಇಲ್ಲ ಅಂತ ಬಂದಿತ್ತಕ್ಕ. ಎರಡು ಸಲ ನೋಡ್ದೆ. ಅದನ್ನ ನೋಡ್ಕೊಂಡೇ ಆ ಕಡೆ ಸೊಪ್ಪು ತಂದೆ" ಎಂದಳು.

ಅವಳ ಹುಳು ಪೂರ್ತಿ ಹೋಗಿತ್ತು. ಇನ್ನು ಎರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳು. ಅವಳು ನನ್ನನ್ನು ಬೈಯಲಿಲ್ಲ, ಪೆಟ್ಟಿಗೆ ಯಾಕೆ ತಪ್ಪು ಹೇಳಿತು ಎಂದು ತಿಳಿದುಕೊಳ್ಳಲು ಬಂದಿದ್ದಳು. ಪೆಟ್ಟಿಗೆಯೇ ಇಲ್ಲದಿದ್ದರೆ ಅವಳು ಹಳೆಯ ರೂಢಿಯಂತೆ ಪಕ್ಕದ ತೋಟಕ್ಕೆ ಹೋಗಿ ಕೇಳಿಕೊಂಡು ಬರುತ್ತಿದ್ದಳು. ಅವಳಿಗೆ ನಾನು ಆವತ್ತು ಎಲ್ಲವನ್ನೂ ಹೇಳಿದೆ. ಕ್ಲಾಸು, ಪ್ಲಗಿನ್ ಎಲ್ಲ ಅವಳಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಎರಡು ವಾರದ ಹಿಂದೆಯೇ ನನಗೆ ಗೊತ್ತಿತ್ತು ಎಂಬುದು ಮಾತ್ರ ಅರ್ಥವಾಯಿತು. ಅವಳು ಸೆರಗು ಸರಿಮಾಡಿಕೊಂಡು, ಬರ್ತೀನಕ್ಕ ಎಂದು ಹೊರಟುಹೋದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೂ ನಾನು ಹೇಳಿರಲಿಲ್ಲ.

ಆ ಸಂಜೆಯೇ ಪ್ಲಗಿನ್ ಕಿತ್ತೆ. ಮುಂದಿನ ಭಾನುವಾರಗಳಲ್ಲಿ ಮತ್ತೆ ಅದೇ ಮನೆಗಳಿಗೆ ಹೋದೆ, ಈ ಸಲ ಒಬ್ಬಳೇ. ನಿಮ್ಮ ನಂಬರು, ನಿಮ್ಮ ದಿನ ಹೊರಗೆ ಹೋಗಿವೆ, ನನಗೆ ತಿಳಿಯದೆ ಹೋಗಿವೆ, ತಿಳಿದ ಮೇಲೂ ನಾನು ಸುಮ್ಮನಿದ್ದೆ ಎಂದು ಹೇಳಿದೆ. ಕೆಲವರು ನಕ್ಕರು, ಇವತ್ತಿನ ಕಾಲದಲ್ಲಿ ಯಾರ ನಂಬರು ಯಾರ ಹತ್ತಿರ ಇಲ್ಲ ಎಂದರು. ಒಬ್ಬರು ಕಾಫಿ ಕೊಟ್ಟು ಕಳಿಸಿದರು. ಟೊಮೆಟೊ ಬೆಳೆಯುವ ಒಬ್ಬರು, ನಿನಗೆ ಎಷ್ಟು ಸಿಕ್ಕಿತು ಎಂದು ಕೇಳಿದರು. ಏನೂ ಸಿಕ್ಕಿಲ್ಲ ಎಂದೆ. ಅವರು ನಂಬಲಿಲ್ಲ. ಅಕ್ಕನ ಹೆಸರನ್ನು ನಾನು ಎಲ್ಲೂ ಹೇಳಲಿಲ್ಲ. ಅದು ಅವಳ ಮೇಲಿನ ಮರ್ಯಾದೆಯಿಂದಲ್ಲ. ಇನ್ನೊಬ್ಬರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದುಕೊಳ್ಳುತ್ತಾರೆ ಎಂಬ ಭಯದಿಂದ.

ಮಾವನ ಮನೆಗೆ ಕಡೆಗೆ ಹೋದೆ. ಅವರು ಪೂರ್ತಿ ಕೇಳಿದರು. "ನಿಮ್ಮತ್ತೆ ಮುಖ ನೋಡಿ ನಂಬರ್ ಕೊಟ್ಟಿದ್ದು ನಾನು. ನಿನಗೂ ಗೊತ್ತಿರಲಿಲ್ಲ ಅಂತೀಯ. ಇರಲಿ ಬಿಡಮ್ಮ" ಎಂದು ಎದ್ದು ತೋಟದ ಕಡೆ ಹೋದರು.

ಸಂಘದ ಸೈಟಿಗೆ ನಾನು ಹೊಸದಾಗಿ ಒಂದು ಸಣ್ಣ ಪ್ಲಗಿನ್ ಬರೆದೆ. ಅದರಲ್ಲಿ ನನ್ನ ಕ್ಲಾಸನ್ನೇ ಸೇರಿಸಿದೆ, ನಂಬರಿನ ಜಾಗ ತೆಗೆದುಹಾಕಿ. 'ಯಾವ ಸೂಚನೆಯೂ ಇಲ್ಲ' ಎಂಬ ಸಾಲಿನ ಬದಲು 'ಯಾರೂ ಇನ್ನೂ ಹೇಳಿಲ್ಲ, ಪಕ್ಕದ ತೋಟದವರನ್ನು ಕೇಳಿಕೊಳ್ಳಿ' ಎಂದು ಬರೆದೆ. ಅದು ಕೆಲಸ ಮಾಡುತ್ತದೆ. ಅದರಲ್ಲಿ ಸೂಚನೆ ಹಾಕುವವರು ಈಗ ಮೂವರೋ ನಾಲ್ವರೋ ಇದ್ದಾರೆ.

ಅಕ್ಕ ಎಂಟು ತಿಂಗಳ ನಂತರ ಒಂದು ಸಲ ಫೋನ್ ಮಾಡಿದಳು. ಸೈಟಿನ ತಂತ್ರಾಂಶ ಬದಲಾಗಿ, ನನ್ನ ಹಳೆಯ ವಿಜೆಟ್ ಅವಳ ಕಡೆಯ ಸೈಟುಗಳಲ್ಲಿ ತೆರೆದುಕೊಳ್ಳುತ್ತಿಲ್ಲವಂತೆ. ನಾವು ನಿನ್ನೆ ಮಾತಾಡಿ ಇವತ್ತು ಮುಂದುವರಿಸುತ್ತಿರುವ ಹಾಗೆ, ಸ್ವಲ್ಪ ನೋಡಿಕೊಡು, ಅದರ ಒಳಗು ನಿನಗೇ ಚೆನ್ನಾಗಿ ಗೊತ್ತು ಎಂದಳು. ಆ ದನಿ ಕೇಳಿದ ಕೂಡಲೇ ತಪ್ಪು ಎಲ್ಲಿರಬಹುದು ಎಂದು ನನ್ನ ತಲೆ ತಾನಾಗಿಯೇ ಹುಡುಕಲು ಶುರುಮಾಡಿತ್ತು; ಹುಡುಕಿ ಹಿಡಿದೂ ಆಗಿತ್ತು.

"ಆ ಮೂರು ಸಾಲು ತೆಗೆದ್ರಾ?" ಎಂದು ಕೇಳಿದೆ.

"ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದೀಯಾ" ಎಂದಳು.

ನನಗೆ ತರಗತಿ ಇದೆ ಎಂದು ಹೇಳಿ ಫೋನ್ ಇಟ್ಟೆ. ತರಗತಿ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತಿದ್ದೆ. ನನಗೆ ಗೊತ್ತಿರುವ ಪ್ರತಿಯೊಂದನ್ನೂ ಕಲಿಸಿದವಳು ಅವಳು. ನಾನು ಒಂದು ಸಾಲು ಬರೆದರೂ ಅದರಲ್ಲಿ ಅವಳು ಇರುತ್ತಾಳೆ. ಅವಳನ್ನು ದ್ವೇಷಿಸುವುದು ಸುಲಭವಾಗಿದ್ದರೆ ಇದನ್ನು ಬರೆಯಲು ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಊರಿನಲ್ಲಿ ಈಗ ಹೀಗೆ ನಡೆಯುತ್ತಿದೆ. ಮಾವನ ಮನೆಯವರು ಔಷಧಿ ಹೊಡೆಯುವ ಹಿಂದಿನ ದಿನ ಅತ್ತೆಗೆ ಫೋನ್ ಮಾಡುತ್ತಾರೆ. ಅತ್ತೆ ತೆಲುಗಿನಲ್ಲಿ ಎರಡು ಮಾತಾಡಿ, ಆಮೇಲೆ ಪಕ್ಕದ ಊರಿನ ಆ ಹೆಂಗಸಿಗೂ, ಇನ್ನು ನಾಲ್ಕಾರು ಹುಳುಮನೆಗಳಿಗೂ ತಾವೇ ಫೋನ್ ಹಚ್ಚುತ್ತಾರೆ. ನನ್ನ ಫೋನಿಗೆ ಯಾರೂ ಮಾಡುವುದಿಲ್ಲ. ಅತ್ತೆ ಒಳಗೆ ಬಂದು, ನಾಳೆ ಪೂರ್ವದ ಕಡೆ ಸೊಪ್ಪು ಆಗಲ್ಲ, ಈಗಲೇ ಕುಯ್ಯಬೇಕು ಎನ್ನುತ್ತಾರೆ. ನಾನು ಲ್ಯಾಪ್‌ಟಾಪ್ ಮುಚ್ಚಿ, ಕುಡುಗೋಲು ತೆಗೆದುಕೊಂಡು ಅವರ ಹಿಂದೆ ಹೋಗುತ್ತೇನೆ.